ಹನ್ನೊಂದು ಸಾಲಿನ ಬಡಾಯಿ

ಪುಸ್ತಕ ಹುಡುಕುವ ಪ್ರೋಗ್ರಾಮು ಬರೆಯುವುದರಲ್ಲಿ ನನ್ನ ಸಮಕ್ಕೆ ನಿಲ್ಲುವವರು ಸೂರ್ಯಮಂಡಲದಲ್ಲೇ ಇಲ್ಲ. ಬರೆದದ್ದನ್ನು ಲೋಕಕ್ಕೆಲ್ಲ ಪುಕ್ಕಟೆ ಹಂಚಿದವನು ನಾನು. ಯಾರು ಬೇಕಾದರೂ ಒಳಗಿನ ಸಾಲುಗಳನ್ನು ಓದಬಹುದು, ತಿದ್ದಬಹುದು. ಇದುವರೆಗೆ ಯಾರೂ ತಿದ್ದಿರಲಿಲ್ಲ. ತಿದ್ದಲು ಏನಿತ್ತು?

ಅಕ್ಕ ಗ್ರಂಥಪಾಲಕಿ. ಒಂಬತ್ತು ವರ್ಷ ಕೂತು ನಲವತ್ತು ಸಾವಿರ ಪುಸ್ತಕಗಳ ವಿವರವನ್ನು ನನ್ನ ಪ್ರೋಗ್ರಾಮಿಗೇ ತುಂಬಿದ್ದಳು. ಈಗ ಗ್ರಂಥಾಲಯಕ್ಕೆ ಹೊಸ ಕಂಪ್ಯೂಟರುಗಳು ಬಂದಿದ್ದವು. ಅವುಗಳ ಕರ್ನಲ್, ಅಂದರೆ ಹೊಟ್ಟೆಯೊಳಗೆ ಕೂತು ಎಲ್ಲರಿಗೂ ಕೆಲಸ ಹಂಚುವ ಯಜಮಾನ, ಬೇರೆ ಜಾಯಮಾನದ್ದು. ಮಧ್ಯಾಹ್ನದೊಳಗೆ ಅದರ ಮೇಲೆ ಪ್ರೋಗ್ರಾಮು ಓಡದಿದ್ದರೆ ಮೇಲ್ವಿಚಾರಕಿ ಬೇರೊಂದನ್ನು ತರಿಸುತ್ತಾರೆ. ಹಳೆಯ ಪಟ್ಟಿ ಅದಕ್ಕೆ ಒಗ್ಗದು. ಅಕ್ಕ ನಲವತ್ತು ಸಾವಿರವನ್ನೂ ಮೊದಲಿಂದ ತುಂಬಬೇಕು.

"ಇದರ ಮೇಲೆ ಓಡುತ್ತೇನೋ?" ಅಕ್ಕ ಕೇಳಿದಳು.

"ಇಸ್ತ್ರಿಪೆಟ್ಟಿಗೆ ಮೇಲೂ ಓಡುತ್ತೆ ಕಣೇ!"

ಗುಂಡಿ ಒತ್ತಿದೆ. ಪ್ರೋಗ್ರಾಮು ಎದ್ದ ಕೂಡಲೇ ನೆಲಕಚ್ಚಿತು. ಮುನ್ನೂರು ಸಲ ಒತ್ತಿದೆ, ಮುನ್ನೂರು ಸಲವೂ ನೆಲಕಚ್ಚಿತು.

ಮೇಲ್ವಿಚಾರಕಿ ಗಡಿಯಾರ ನೋಡಿ, "ಇಸ್ತ್ರಿಪೆಟ್ಟಿಗೆ ತರಿಸಲಾ?" ಅಂದರು.

"ಈ ಕರ್ನಲ್‌ಗೆ ಮರ್ಯಾದೆ ಗೊತ್ತಿಲ್ಲ ಮೇಡಂ!"

ಅಕ್ಕ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಒಳಗಿನ ಸಾಲುಗಳನ್ನು ತೆರೆದಳು. "ಶುರುವಿಗೇ ಯಾವುದೋ ಫೋಲ್ಡರಿಗೆ ಕೈ ಹಾಕುತ್ತಲ್ಲೋ. ಇಲ್ಲಿ ಆ ಫೋಲ್ಡರೇ ಇಲ್ಲ."

"ಅದು ಹಳೇ ಕಂಪ್ಯೂಟರಿನ ಕರ್ನಲ್ ಇಟ್ಟುಕೊಳ್ಳೋದು. ಮೆಷಿನ್‌ಗೆ ಮೆಮೊರಿ ಎಷ್ಟಿದೆ ಅಂತ ಅದರಲ್ಲಿರುತ್ತೆ."

"ಪುಸ್ತಕ ಹುಡುಕೋಕೆ ಅದ್ಯಾಕೆ?"

ನಾನು ಫ್ಯಾನು ನೋಡಿದೆ. ಅಕ್ಕ ಗಟ್ಟಿಯಾಗಿ ಓದಿದಳು: "'ಇಷ್ಟು ಮೆಮೊರಿಯಿದ್ದರೂ ಸಾಸಿವೆಯಷ್ಟೇ ಬಳಸುವ ಮಹಾಪ್ರಚಂಡ ಪ್ರೋಗ್ರಾಮಿಗೆ ಸ್ವಾಗತ!' ಅಯ್ಯೋ ಪುಣ್ಯಾತ್ಮ, ಈ ಜಂಬಕ್ಕೋಸ್ಕರಾನಾ?"

ಹನ್ನೊಂದು ಸಾಲು. ಒಂದೇ ಏಟಿಗೆ ಅಳಿಸಿದಳು. ನನ್ನ ಹನ್ನೊಂದು ಪಕ್ಕೆಲುಬು ಕಿತ್ತಂತಾಯಿತು.

ಈ ಸಲ ಓಡಿತು. ಮೇಲ್ವಿಚಾರಕಿ 'ಜೇನುಸಾಕಣೆ' ಎಂದು ಟೈಪಿಸಿ ಬೆರಳೆತ್ತುವ ಮೊದಲೇ ಏಳು ಪುಸ್ತಕಗಳು ಸಾಲಾಗಿ ನಿಂತವು.

"ಸರಿ, ಇದೇ ಇರಲಿ," ಅಂದು ಅವರು ಹೊರಟರು.

ಅಕ್ಕ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದಳು. ಅವಳು ಬಿಟ್ಟ ಉಸಿರಿಗೆ ಮೇಜಿನ ಮೇಲಿನ ಚೀಟಿಗಳೆಲ್ಲ ಹಾರಿದವು.

"ಅಕ್ಕಾ, ಒಂದೇ ಒಂದು ಸಾಲು ವಾಪಸ್ ಹಾಕೇ."

"ಬಾಗಿಲಲ್ಲಿ ನಿಂತು ನೀನೇ ಹೇಳು ಹೋಗು. ನಿನ್ನ ಬಾಯಿಗೆ ಯಾವ ಫೋಲ್ಡರೂ ಬೇಕಿಲ್ಲ."

ಸಂಜೆಯವರೆಗೆ ನಿಂತು ಹೇಳಿದೆ. ಅವತ್ತು ಎರಡು ಲಕ್ಷ ಓದುಗರು ಬಂದಿದ್ದರು.