ತಂಗಿಯ ವಿಳಾಸ

ಅವಳು ದುಡಿಯುತ್ತಿದ್ದ ದೇಶ ಒಂದು, ಅಣ್ಣನ ಮಗಳು ಓದಲು ಹೊರಟಿದ್ದ ದೇಶ ಇನ್ನೊಂದು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಂತು ಕೂಡಿಟ್ಟ ಹಣದಲ್ಲಿ ಮೊದಲ ವರ್ಷದ ಫೀಸು, ವೀಸಾ ಶುಲ್ಕ ಎರಡನ್ನೂ ಮೊಬೈಲಿನಲ್ಲೇ ಕಟ್ಟಿ ನಿರಾಳವಾಗಿದ್ದಳು. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಓದು ಅದು. ಸೀಟು ಸಿಕ್ಕಿದ್ದೇ ದೊಡ್ಡದು.

ವಾರ ಕಳೆಯುವುದರೊಳಗೆ, ಊಟದ ಬಿಡುವಿನಲ್ಲಿ ಹುಡುಗಿಯ ಫೋನು ಬಂತು.

“ಅತ್ತೆ, ವೀಸಾ ಆಫೀಸಿನವರು ತಕರಾರು ತೆಗೆದಿದ್ದಾರೆ. ದುಡ್ಡು ಕಟ್ಟಿದವರು ನಿನಗೇನಾಗ್ಬೇಕು ಅಂತಾರೆ. ನೀವು ತಂಗಿ ಅಂತ ಅಪ್ಪ ಬರೆದು ಸಹಿ ಹಾಕ್ಬೇಕಂತೆ. ಶುಕ್ರವಾರವೇ ಕೊನೆ.”

ಕೈಯ ತುತ್ತು ಕೈಯಲ್ಲೇ ಉಳಿಯಿತು. ಅಣ್ಣ ನೋಡಿಟ್ಟ ಗಂಡನ್ನು ಒಲ್ಲೆನೆಂದು ಅವಳು ವಿಮಾನ ಹತ್ತಿ ಒಂಬತ್ತು ವರ್ಷ. ಅಂದು ಬಾಗಿಲಲ್ಲಿ ನಿಂತು ‘ನನಗೆ ತಂಗಿಯೇ ಇಲ್ಲ’ ಎಂದವನು ಆಮೇಲೆ ಮಾತೇ ಆಡಿರಲಿಲ್ಲ. ಫೀಸು ಕಟ್ಟಿದ್ದು ತಿಳಿದಾಗಲೂ ತುಟಿ ಬಿಚ್ಚಲಿಲ್ಲವೆಂದು ಅತ್ತಿಗೆ ಹೇಳಿದ್ದಳು.

“ನಿಮ್ಮಪ್ಪ ಹಾಕಲ್ಲ ಕಣೇ. ಅವನ ಹಟ ನನಗೆ ಗೊತ್ತಿಲ್ವಾ?”

“ನೀವೇ ಒಂದ್ಸಲ ಕೇಳಿ ಅತ್ತೆ.”

ಎರಡು ದಿನ ಅವಳ ಹಟವೂ ಬಗ್ಗಲಿಲ್ಲ. ಗುರುವಾರ ಬೆಳಿಗ್ಗೆ, ಯಂತ್ರಗಳು ಬಿಸಿಯೇರುವ ಮುನ್ನ, ಲಾಂಡ್ರಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಗಟ್ಟಿ ಮನಸ್ಸು ಮಾಡಿ ನಂಬರು ಒತ್ತಿದಳು. ಅತ್ತ ಕಡೆ ಅಣ್ಣನ ಬಸ್ ಗ್ಯಾರೇಜಿನ ಸುತ್ತಿಗೆಯ ಸದ್ದು.

“ಯಾರು?”

“ನಾನು, ಅಣ್ಣಾ.”

ಸುತ್ತಿಗೆ ನಿಂತಿತು.

“ಬರೆದಾಯ್ತು,” ಅಂದ ಅವನು. “ನಿನ್ನೆಯಿಂದ ಜೇಬಲ್ಲೇ ಇದೆ. ಒಂದು ಕಡೆ ಸಿಕ್ಕಾಕ್ಕೊಂಡಿದೀನಿ.”

“ಎಲ್ಲಿ?”

“ನಿನ್ನ ವಿಳಾಸ ಬರೀಬೇಕಂತೆ. ನನಗೆಲ್ಲಿ ಗೊತ್ತು? ಮಗಳನ್ನ ಕೇಳೋಕೆ ನಾಚಿಕೆ ಆಯ್ತು.”

ಅವಳು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಅವನು ಬರೆದುಕೊಂಡು, ಇಡೀ ಕಾಗದವನ್ನು ಶಾಲೆಯ ಪಾಠದಂತೆ ಓದಿದ: “ಇವಳು ನನ್ನ ಒಡಹುಟ್ಟಿದ ತಂಗಿ. ಮಗಳ ಓದಿನ ಹೊಣೆ ನನ್ನಷ್ಟೇ ಅವಳದ್ದೂ... ಸಾಕಾ?”

“ಸಾಕು,” ಎಂದಳು ಅವಳು.

“ಆವತ್ತು ನಾನು ಬಾಯಿಗೆ ಬಂದಂಗೆ...”

“ನಾನೇನು ಕಡಿಮೆ ಅಂದಿದ್ನಾ? ಮೊದಲು ಕಾಗದ ಕಳಿಸು. ಜಗಳ ಆಮೇಲೆ ನಿಧಾನಕ್ಕೆ ಆಡೋಣ.”

ಅಣ್ಣ ನಕ್ಕುಬಿಟ್ಟ.

ಮೂರನೇ ವಾರಕ್ಕೆ ವೀಸಾ ಬಂತು. ಮೊದಲು ಫೋನು ಮಾಡಿದವನು ಅಣ್ಣನೇ. ಮಗಳು ಹೋಗುವ ದೇಶದಲ್ಲಿ ಚಳಿ ಎಷ್ಟು, ಕೋಟು ಎಂಥದು ಕೊಡಿಸಲಿ ಎಂದು ಅರ್ಧ ಗಂಟೆ ತಲೆ ತಿಂದ. ಆ ದೇಶವನ್ನು ಅವಳೂ ಕಂಡಿರಲಿಲ್ಲ. ಆದರೂ ಎಲ್ಲ ಬಲ್ಲವಳಂತೆ ಒಂದೊಂದಕ್ಕೂ ಉತ್ತರ ಕೊಟ್ಟಳು.