ಮುಚ್ಚದೆ ಉಳಿದ ನಾಳ

ಮೂರು ಸಲ ಚೀಪಿ ಕೂಸು ಮೊಲೆ ಬಿಟ್ಟಿತು. ಬೆಳಗಿನ ತಂಪಿನಲ್ಲೂ ಹಣೆಯ ತುಂಬ ಬೆವರು. ಓಡಿ ಬಂದವರ ಹಾಗೆ ಪಕ್ಕೆ ಏರಿಳಿಯುತ್ತಿತ್ತು. ಶಿವಲೀಲಾ ಸೆರಗಿನಿಂದ ಒರೆಸಿದಳು. ಹೆತ್ತು ಐದು ವಾರ. ಅಳು, ಹೆದರಿಕೆ ಎಲ್ಲ ಎಲ್ಲಿಗೋ ಹೋಗಿ, ಕೈ ಮಾತ್ರ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು.

ಒಲೆಯ ಮುಂದೆ ಅತ್ತೆ ಸುಂಕಮ್ಮ ಗಾಜಿನ ಬಳೆಯ ಚೂರೊಂದನ್ನು ಇಕ್ಕಳದಲ್ಲಿ ಹಿಡಿದು ಕೆಂಡಕ್ಕೆ ಒಡ್ಡಿದ್ದಳು. ಹಾಲು ಕುಡಿಯದ ಕೂಸಿನ ಹೊಟ್ಟೆಗೆ ಬರೆ ಹಾಕುವುದರಲ್ಲಿ ತಂಬ್ರಹಳ್ಳಿ ಸುತ್ತಮುತ್ತ ಅವಳ ಕೈಗೆ ಹೆಸರಿತ್ತು.

ನರ್ಸ್ ಅರ್ಚನಾ ಸ್ಕೂಟಿ ನಿಲ್ಲಿಸಿ ಒಳಗೆ ಬಂದಳು. ನಿನ್ನೆ ಹಗರಿಬೊಮ್ಮನಹಳ್ಳಿಯ ಡಾಕ್ಟರು ಕೂಸಿನ ಎದೆ ಪರೀಕ್ಷಿಸಿ, ದಾವಣಗೆರೆಗೆ ಒಯ್ಯಿರೆಂದು ಚೀಟಿ ಬರೆದುಕೊಟ್ಟಿದ್ದರು.

"ಇನ್ನೂ ಹೊಂಟಿಲ್ಲೇನ್ರಿ?"

"ಹೊಂಡ್ತಾರವ್ವಾ. ಒಂದು ಬರಿ ಹಾಕಿ ಕಳಸ್ತೀನಿ. ನಮ್ಮ ಬೀರಲಿಂಗಗೂ ಹಾಕಿದ್ದೆ. ಈಗ ನೋಡು, ಹಡಗಲಿ ತನಕ ಕುರಿ ಹಿಂದ ಓಡ್ತಾನ, ದಣಿಯಂಗಿಲ್ಲ."

"ನಿಮ್ಮ ಮಗಗ ಈ ಬ್ಯಾನಿ ಇರಲಿಲ್ಲ ಬಿಡ್ರಿ."

"ನೀ ಆಗ ಹುಟ್ಟಿದ್ದೇನು, ನೋಡಾಕ?"

ಅರ್ಚನಾ ನಕ್ಕು ಒಲೆಯ ಪಕ್ಕ ಕೂತಳು. "ಎಷ್ಟು ಕುರಿ ಈಯಿಸೀರಿ ನೀವು. ಮರಿ ಒಳಗಿದ್ದಾಗ ಉಸಿರಾಡತೈತೇನು?"

"ನೀರಾಗ ಹೆಂಗ ಆಡತೈತಿ? ತಾಯಿ ಉಸಿರೇ ಅದಕ್ಕ, ಹೊಕ್ಕಳಬಳ್ಳಿಯಾಗ."

"ಕೂಸಿಗೂ ಹಂಗ. ಒಳಗ ಶ್ವಾಸಕೋಶಕ್ಕ ಕೆಲಸ ಇರಂಗಿಲ್ಲ. ಅದಕ್ಕ ಬಾಳಷ್ಟು ರಕ್ತ ಅದನ್ನ ತಪ್ಪಿಸಿ ಅಡ್ಡನಾಳದಾಗ ಹೋಗತೈತಿ. ಹುಟ್ಟಿ ಅತ್ತು ಉಸಿರು ಸುರುವಾತಂದ್ರ, ಎರಡ್ಮೂರು ದಿನದಾಗ ಆ ನಾಳ ಮುಚ್ಚಬೇಕು. ಈ ಕೂಸಿಂದು ಮುಚ್ಚಿಲ್ಲ ಅಂತ ಡಾಕ್ಟ್ರಿಗೆ ಅನುಮಾನ. ಈಗ ರಕ್ತ ತಿರುಗಿ ಶ್ವಾಸಕೋಶಕ್ಕ ನುಗ್ಗತೈತಿ, ಎದಿ ದಣಿಯತೈತಿ. ಸ್ಕ್ಯಾನ್ ಮಾಡಿ ನೋಡ್ತಾರ. ಹಂಗಿದ್ರ ಮುಚ್ಚಾಕ ಅವರ ಹತ್ರ ದಾರಿ ಐತಿ. ಹೊಟ್ಟಿ ಸುಟ್ರ ಎದಿಯೊಳಗಿಂದು ಮುಚ್ಚತೈತೇನ್ರಿ? ಗಾಯ ಕೀವಾದ್ರ ಇಷ್ಟು ಸಣ್ಣ ಜೀವ ತಡಿಯಂಗಿಲ್ಲ."

"ಅಂದ್ರ ಒಳಗಿದ್ದಾಗ ಕೂಸನ್ನ ಕಾಪಾಡಿದ್ದೂ ಅದೇ ನಾಳ?" ಸುಂಕಮ್ಮ ಕೇಳಿದಳು.

"ಹೌದ್ರಿ."

ಸುಂಕಮ್ಮ ಇಕ್ಕಳ ತಿರುಗಿಸಿ ನೋಡಿದಳು. ಚೂರು ಕೆಂಪಾಗಿತ್ತು.

"ನೀ ಅನ್ನೂದು ಖರೇನೂ ಇರಬೇಕು. ಆದ್ರ ಬರಿ ಹಾಕದ ಕಳಿಸಿ ಏನರ ಆದ್ರ, ಮಂದಿ ನನ್ನನ್ನ ಕೇಳ್ತಾರ. ಲೇ ಶಿವಲೀಲಾ, ಕೂಸಿನ ಅಂಗಿ ಎತ್ತು."

ಶಿವಲೀಲಾ ಎತ್ತಿದಳು. ಆಮೇಲೆ ತನ್ನ ಅಂಗೈಯನ್ನು ಕೂಸಿನ ಹೊಟ್ಟೆಯ ಮೇಲೆ ಇಟ್ಟಳು. ಪಕ್ಕೆಯಿಂದ ಹೊಕ್ಕಳದವರೆಗೆ ಎಲ್ಲ ಅದರಡಿ ಅಡಗಿತು.

"ಕೈ ತಗಿ."

ತೆಗೆಯಲಿಲ್ಲ. "ಹಾಕ್ರಿ ಅತ್ತಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. "ಇದರ ಮ್ಯಾಲ ಹಾಕ್ರಿ."

ಕೂಸಿನ ಉಸಿರಿಗೆ ಆ ಕೈ ಸರಸರನೆ ಏರಿ ಇಳಿಯುತ್ತಿತ್ತು. ಸುಂಕಮ್ಮ ಅದನ್ನೇ ನೋಡಿದಳು. ಇಕ್ಕಳದ ತುದಿಯಲ್ಲಿ ಚೂರು ಕಪ್ಪಾಯಿತು. ಬೂದಿಗೆ ಬಿಸಾಕಿ ಎದ್ದಳು.

"ನರ್ಸಮ್ಮ, ಬಸ್ಸು ಎಷ್ಟೊತ್ತಿಗೆ?"

"ಬಸ್ಸು ಬ್ಯಾಡ್ರಿ, ಆಂಬುಲೆನ್ಸ್ ಕರಸ್ತೀನಿ."

"ಕರಸು. ನಾನೂ ಬರ್ತೀನಿ."

ಗಾಡಿ ಹರಪನಹಳ್ಳಿ ದಾಟಿದ ಮೇಲೆ ಶಿವಲೀಲಾಳ ಕೈ ನಡುಗತೊಡಗಿತು. ಎಷ್ಟು ಹಿಡಿದರೂ ನಿಲ್ಲಲೊಲ್ಲದು. ಸುಂಕಮ್ಮ ಅದನ್ನು ತನ್ನ ಮಡಿಲಿಗೆ ಎಳೆದುಕೊಂಡು, ಎರಡೂ ಕೈಯಲ್ಲಿ ಹಿಡಿದು ಕೂತಳು.