ಕಾರಿನ ಡಿಕ್ಕಿಯಲ್ಲಿ ಕಥಾನಾಯಕಿ

ಮದುವೆ ವಿಡಿಯೋ ತೆಗೆಯುವವರಿಗೆ ಒಂದು ರೋಗವಿರುತ್ತದೆ. ಯಾವುದೂ ಒಂದೇ ಸಲಕ್ಕೆ ಮುಗಿಯಬಾರದು. ತಾಳಿ ಕಟ್ಟಿಯಾದ ಮೇಲೆ "ಕೈ ಅಡ್ಡ ಬಂತು ಸಾರ್, ಇನ್ನೊಂದ್ಸಲ" ಅನ್ನುತ್ತಾರೆ. ಅತ್ತೆಯ ನಗು ಸಾಲದು ಅಂತ ಮತ್ತೆ ನಗಿಸುತ್ತಾರೆ. ಚಳ್ಳಕೆರೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಮಾರುತೇಶನಿಗೆ ಈ ರೋಗ ವಿಪರೀತ. ತನ್ನ ಮದುವೆಯ ದಿನವೂ ಬಿಡಲಿಲ್ಲ. ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಮೇಲೆ, ತನ್ನ ಕಡೆಯ ಒಂದು ನರಪಿಳ್ಳೆಯೂ ಇಲ್ಲವಲ್ಲ ಎಂದು ಮದುಮಗಳು ತೇಜಶ್ರೀಗೆ ತಡೆಯಲಾರದ ಅಳು ಬಂತು. ಗಂಡ ಕಣ್ಣೊರೆಸಿದನೇ? ಕ್ಯಾಮೆರಾ ಎತ್ತಿದ. "ತೇಜು, ಫೋಕಸ್ ಇರ್ಲಿಲ್ಲ. ಇನ್ನೊಂದ್ಸಲ ಅಳು." ಆಗಿನ್ನೂ ಹೊಸ ಪ್ರೀತಿ. ಪಾಪ, ಅತ್ತಳು.

ಅಂಥ ಮಹಾನುಭಾವ ಚಿತ್ರದುರ್ಗದಲ್ಲಿ ಯಾವುದೋ ಸಿನಿಮಾ ಶಿಬಿರಕ್ಕೆ ಹೋಗಿ ಬಂದ. ಹೋಗುವಾಗ ಮಾರುತೇಶ, ಬರುವಾಗ ನಿರ್ದೇಶಕ. ಗಡ್ಡ ಬಿಟ್ಟ, ಕೊರಳಿಗೆ ಒಂದು ಖಾದಿ ಶಾಲು ಸುತ್ತಿದ. ಬಿಸಿಲಿಗೆ ಆ ಶಾಲಿನಡಿ ಬೆವರುಸಾಲೆ ಎದ್ದರೂ ಶಾಲು ಕೆಳಗಿಳಿಯಲಿಲ್ಲ. ಹಿತ್ತಲ ಕೋಳಿಗಳ ಮೇಲೆ ಸ್ವತಂತ್ರ ಸಾಕ್ಷ್ಯಚಿತ್ರ ಮಾಡುತ್ತೇನೆ ಎಂದು ಸಾರಿದ. ಸ್ವತಂತ್ರ ಅಂದರೆ ಏನು? ಮೈಕು ಹಿಡಿಯುವುದು, ಊಟದ ಡಬ್ಬಿ ಕಟ್ಟುವುದು, ಕೊನೆಗೆ ಕೂತು ಎಡಿಟ್ ಮಾಡುವುದು, ಎಲ್ಲವೂ ಹೆಂಡತಿಯದು ಎಂದರ್ಥ.

ಕಥಾನಾಯಕಿ ಸಿಕ್ಕಿದ್ದು ಮೊಳಕಾಲ್ಮೂರಿನ ನೇಕಾರ ಮನೆಯೊಂದರಲ್ಲಿ. ರೇಷ್ಮೆ ಸೀರೆ ನೇಯುವ ತಿಪ್ಪಕ್ಕನ ಕೋಳಿ, ಹೆಸರು ಚುಕ್ಕಿ. ತಿಪ್ಪಕ್ಕ ಮಗ್ಗದ ಗುಂಡಿಗೆ ಕಾಲಿಳಿಸಿ ಕೂತರೆ ಚುಕ್ಕಿಯೂ ಪಕ್ಕದಲ್ಲಿ ಕೂರುತ್ತಿತ್ತು. "ನೀವು ದಿನಾ ಇದ್ದಂಗೇ ಇರಿ ಅಕ್ಕ" ಎಂದು ನಿರ್ದೇಶಕ ಹೇಳಿದ್ದಕ್ಕೆ ಆಯಮ್ಮ ಮದುವೆಗೆ ಹೊರಟವಳಂತೆ ಸಿಂಗರಿಸಿಕೊಂಡು ಕೂತಳು. ಚುಕ್ಕಿ ಮಾತ್ರ ಇದ್ದಂತೆಯೇ ಇತ್ತು. ಅದು ಕಾಳು ಕುಕ್ಕಿದಾಗ ಮಾರುತೇಶ ಅಭ್ಯಾಸಬಲದಿಂದ "ಇನ್ನೊಂದ್ಸಲ" ಅಂದ. ಕೋಳಿ ಅವನನ್ನು ಒಂದೇ ಕಣ್ಣಲ್ಲಿ ನೋಡಿ ಹೋಯಿತು.

ಈಗ ತಮಾಷೆ ನೋಡಿ. ಈ ಕೋಳಿಪುರಾಣವನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಿಂಗಳುಗಟ್ಟಲೆ ಎಡಿಟ್ ಮಾಡಿದ ತೇಜಶ್ರೀ ಕೋಳಿಯೇ ಇಲ್ಲದ ಊರಿನ ಹುಡುಗಿ. ನನ್ನಿವಾಳದ ಕಡೆ ಅವಳ ತವರು ಹಟ್ಟಿ. ದೇವರೆತ್ತು ಸಾಕುವ ಜನ. ಹಟ್ಟಿಯ ಬೇಲಿಯೊಳಗೆ ಕೋಳಿ ಬರುವಂತಿಲ್ಲ. ತಿನ್ನುವ ಮಾತು ಹಾಗಿರಲಿ, ಒಂದು ಪುಕ್ಕ ಗಾಳಿಗೆ ಹಾರಿಬಂದರೂ ಹಿರಿಯರು ನೀರು ಚಿಮುಕಿಸಿ ಶುದ್ಧ ಮಾಡುತ್ತಾರೆ. ಯಾಕೆ ಅಂತ ಕೇಳಿದರೆ "ಹಿರೇರ ಕಾಲ್ದಿಂದ ಹಂಗೇ" ಅಂತಷ್ಟೇ ಉತ್ತರ. ಇದನ್ನವಳು ಹೇಳಿದ ದಿನ ಮಾರುತೇಶನ ಕಣ್ಣು ಮಿಂಚಿದ್ದವು. ಆ ಮಿಂಚನ್ನು ಅವಳು ಪ್ರೀತಿ ಅಂದುಕೊಂಡಳು.

ಹೀಗಿರುವಾಗ ಅಪ್ಪ ಚಿನ್ನಯ್ಯನ ಫೋನು ಬಂತು. ಜಾತಿ ಬಿಟ್ಟು ಮದುವೆಯಾದಳೆಂದು ಮಾತು ಬಿಟ್ಟಿದ್ದ ಅಪ್ಪ. "ಭಾನುವಾರ ಬರ್ರವ್ವ, ಇಬ್ರೂ ಬರ್ರಿ. ನಿಮ್ಮವ್ವ ಅತ್ತೂ ಅತ್ತೂ ನನ್ನ ತಲಿ ತಿಂತಾಳೆ" ಎಂದು ಇಟ್ಟುಬಿಟ್ಟ. ತೇಜಶ್ರೀ ಫೋನನ್ನು ಎದೆಗೊತ್ತಿಕೊಂಡು ಅಡುಗೆಮನೆಯ ನೆಲದ ಮೇಲೆ ಕುಕ್ಕರಿಸಿದಳು. ಅವಳಿಗೆ ಜಗತ್ತಿನಲ್ಲಿ ಬೇರೇನೂ ಬೇಕಿರಲಿಲ್ಲ. ಆ ಬೇಲಿ ದಾಟಿ ಒಮ್ಮೆ ಒಳಗೆ ಹೋದರೆ ಸಾಕಿತ್ತು.

ಭಾನುವಾರ ಬೆಳಿಗ್ಗೆ ಕಾರು ಹೊರಟಿತು. ಊರು ದಾಟುವಷ್ಟರಲ್ಲಿ ಹಿಂದಿನಿಂದ "ಕ್ರ್ರ್... ಕ್ರ್ರ್..." ಅಂತ ಸದ್ದು.

"ಏನ್ರೀ ಅದು?"

"ಬೇರಿಂಗು. ಹಳೇ ಗಾಡಿ ಅಲ್ವಾ."

ಬೇರಿಂಗಂತೆ! ಆ ಬೇರಿಂಗಿನ ಸದ್ದನ್ನು ಎಷ್ಟು ಸಲ ಹಿಂದೆ ಮುಂದೆ ಓಡಿಸಿ ಕೇಳಿರಲಿಲ್ಲ ಅವಳು! ಚುಕ್ಕಿ ಗೊಣಗುವುದು ಹೀಗೇ. ತಿಪ್ಪಕ್ಕನ ಕೈಯಿಂದ ಇವನು ಅದನ್ನು ಯಾವಾಗ ಇಸಕೊಂಡು ಬಂದನೋ! ಡಿಕ್ಕಿ ತೆಗೆಸಬೇಕು. ತೆಗೆಸಿದರೆ ಜಗಳ. ಜಗಳವಾದರೆ ಗಾಡಿ ವಾಪಸ್. ಆಮೇಲೆ ಅಪ್ಪ ಮತ್ತೆ ಫೋನು ಮಾಡುತ್ತಾನೆಯೇ? ಅವಳು ಕಿಟಕಿಯ ಗಾಜು ಇಳಿಸಿದಳು. ಗಾಳಿಯ ಸದ್ದಿಗೆ ಬೇರಿಂಗಿನ ಸದ್ದು ಮುಚ್ಚಿಹೋಯಿತು.

ಹಟ್ಟಿಯ ಹೊರಗೆ, ಕಾರೆಮುಳ್ಳಿನ ಬೇಲಿಯ ಈಚೆ ಕಾರು ನಿಂತಿತು. ಬೇಲಿಯ ಬಾಯಲ್ಲಿ ಚಿನ್ನಯ್ಯ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ. ಅವನ ಹಿಂದೆ ಅವ್ವ ಬೋರಕ್ಕ, ಮಗಳ ಕಾಲಿಗೆ ಹಾಕಲು ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದಳು. ಅವ್ವ ಸೊರಗಿದ್ದಳು. ತೇಜಶ್ರೀ ಇಳಿದು ಎರಡು ಹೆಜ್ಜೆ ಇಟ್ಟಳೋ ಇಲ್ಲವೋ, ಡಿಕ್ಕಿಯೊಳಗೆ ಕಥಾನಾಯಕಿ ಮೊಟ್ಟೆಯಿಟ್ಟಳು.

ಕೋಳಿಯ ಜಾತಿ ಗೊತ್ತಲ್ಲ? ಇಡುವುದು ಒಂದು ಮೊಟ್ಟೆ, ಸಾರುವುದು ಊರಿಗೆಲ್ಲ. "ಕೊಕ್ಕೊಕ್ಕೊಕ್ಕೋಕ್! ಕೊಕ್ಕೊಕ್ಕೊಕ್ಕೋಕ್!" ಆ ಹಟ್ಟಿಯ ಮಗ್ಗುಲಲ್ಲಿ ಹಿಂದೆಂದೂ ಕೇಳದ ದನಿ. ರೊಪ್ಪದಲ್ಲಿದ್ದ ದೇವರೆತ್ತುಗಳು ಕಿವಿ ನಿಮಿರಿಸಿದವು. ಬೋರಕ್ಕನ ಕೈಯ ತಂಬಿಗೆ ತುಳುಕಿತು.

"ಏನದು?" ಚಿನ್ನಯ್ಯ ಅಳಿಯನನ್ನೇ ನೋಡಿದ.

ಅಳಿಯನಿಗೆ ನಾಚಿಕೆಯೇ? ಎಲ್ಲಿಯದು! "ಮಾವ, ಕೋಪ ಮಾಡ್ಕೋಬೇಡಿ. ಒಳಗೆ ಬಿಡಲ್ಲ, ಈ ಬೇಲಿ ಹತ್ರ ಐದೇ ನಿಮಿಷ. ಕೋಳಿನೇ ಇಲ್ಲದ ಊರಿನ ಮುಂದೆ ಕೋಳಿ! ಅದೇ ನನ್ನ ಕ್ಲೈಮ್ಯಾಕ್ಸು. ಕಾಂಟ್ರಾಸ್ಟು ಅಂತಾರೆ."

ಸ್ವಾಮಿಕಾರ್ಯ, ಸ್ವಕಾರ್ಯ ಎರಡೂ ಒಂದೇ ಪೆಟ್ರೋಲಿನಲ್ಲಿ! "ನನ್ನನ್ನೊಂದು ಮಾತು ಕೇಳಬಾರದಿತ್ತಾ?" ಎಂದಳು ತೇಜಶ್ರೀ. ಕೇಳುವುದೇನು ಬಂತು, ಕೋಳಿಯನ್ನು ಕೇಳಿ ಯಾರಾದರೂ ಖಾರ ಅರೆಯುತ್ತಾರೆಯೇ? ಅವನು ಆಗಲೇ ಕ್ಯಾಮೆರಾದ ಮುಚ್ಚಳ ತೆಗೆಯುತ್ತಿದ್ದ.

ಚಿನ್ನಯ್ಯ ಕೂಗಾಡಲಿಲ್ಲ. ಮಗಳ ಕಡೆ ತಿರುಗಿದ. "ನಿಂಗೆ ಗೊತ್ತಿತ್ತೇನವ್ವ?"

ಇಲ್ಲ ಅಂದರೆ ಮುಗಿಯುತ್ತಿತ್ತು. ಗಂಡ ಹೊರಗೆ, ತಾನು ಒಳಗೆ. ನಾಲಿಗೆಯ ತುದಿಗೆ ಬಂದಿತ್ತು ಆ ಇಲ್ಲ. ಅವ್ವನ ಕಣ್ಣು ಅದನ್ನೇ ಹೇಳು, ಹೇಳು ಅನ್ನುತ್ತಿದ್ದವು. ಆದರೆ ಈ ಅಪ್ಪನಿಗೆ ಒಮ್ಮೆ ಹೇಳದೆ ಓಡಿಹೋದವಳು, ಬಾ ಎಂದು ಕರೆದ ದಿನವೇ ಸುಳ್ಳನ್ನು ಕಾಲಿಗೆ ಅಂಟಿಸಿಕೊಂಡು ಒಳಗೆ ಹೋಗಲಾರಳು.

"ದಾರ್ಯಾಗೆ ಸದ್ದು ಕೇಳ್ತಪ್ಪ. ಕೋಳಿನೇ ಅಂತ ಗೊತ್ತಾತು. ತೆಗ್ಸಿದ್ರೆ ವಾಪಸ್ ಹೋಗ್ಬೇಕಾಗ್ತೈತೆ ಅಂತ ಸುಮ್ಕಾದೆ. ಅವ್ವನ್ನ ನೋಡ್ಬೇಕಿತ್ತು."

ಚಿನ್ನಯ್ಯ ನೆಲ ನೋಡಿದ. ಕಾರಿನ ಚಕ್ರ, ಬೇಲಿ, ನಡುವಿನ ಒಂದು ಮಾರು ನೆಲ. "ಬೇಲಿ ಆಚ್ಗೇ ಐತೆ, ಒಳಗ್ ಬಂದಿಲ್ಲ" ಎಂದು ತನಗೇ ಹೇಳಿಕೊಂಡ. "ಕೋಳಿದೇನ್ ತಪ್ಪೈತೆ, ಪಾಪ, ಅದಕ್ಕೆ ಮೊಟ್ಟೆ ಬಂತು, ಇಕ್ತು." ಆಮೇಲೆ ಅಳಿಯನಿಗೆ: "ನೋಡ್ರಿ, ಅದನ್ನ ಎಲ್ಲಿಂದ ತಂದ್ರೋ ಅಲ್ಲೇ ಬಿಟ್ಟು, ತಲಿಗೆ ನೀರ್ ಹಾಕ್ಕಂಡು ಬರ್ರಿ. ಎಷ್ಟೊತ್ತಾದ್ರೂ ಉಣ್ಣದೆ ಕಾಯ್ತೀವಿ. ನೀನು ಬಾರವ್ವ ಒಳಕ್ಕೆ."

ಅಷ್ಟೇ ಸಾಕಾಗಿತ್ತು. ತೇಜಶ್ರೀ ಚಪ್ಪಲಿ ಬಿಟ್ಟು ಬೇಲಿ ದಾಟಿದಳು. ಬೋರಕ್ಕ ಓಡಿಬಂದಳು.

"ತೇಜು!" ಹಿಂದಿನಿಂದ ಮಾರುತೇಶನ ದನಿ. ಮುಖಕ್ಕೆ ಕ್ಯಾಮೆರಾ ಅಂಟಿಸಿಕೊಂಡಿದ್ದ. "ತೇಜು, ಸೂಪರ್! ಆದ್ರೆ ಫೋಕಸ್ ಹೋಯ್ತು. ಒಂಚೂರು ಹೊರಗೆ ಬಂದು ಇನ್ನೊಂದ್ಸಲ ಒಳಗೆ ಹೋಗು!"

ಬೋರಕ್ಕ ಬೆಪ್ಪಾಗಿ ನಿಂತಳು. "ಏನಂತವ್ವ ಅವ್ರದು?"

"ಏನಿಲ್ಲವ್ವ. ಮೊಟ್ಟೆ ಇಕ್ಕಿದ ಕೋಳಿ ಅದು, ಇನ್ನೂ ಕೂಗ್ತೈತೆ" ಎಂದಳು ತೇಜಶ್ರೀ. ತಿರುಗಿ ನೋಡಲಿಲ್ಲ.

ಅವ್ವ ತಂಬಿಗೆಯ ನೀರನ್ನು ಅವಳ ಪಾದದ ಮೇಲೆ ಸುರಿದಳು. ತಣ್ಣಗಿತ್ತು. ತೇಜಶ್ರೀಗೆ ಅಳು ಬಂತು. ಅವ್ವನ ಭುಜಕ್ಕೆ ಮುಖ ಒತ್ತಿ, ಮೂಗು ಸೋರಿಸಿಕೊಂಡು, ಅಸಹ್ಯವಾಗಿ, ಮನಸಾರೆ ಅತ್ತಳು. ಅತ್ತು ಮುಗಿಸಿದಾಗ ಇನ್ನೊಂದ್ಸಲ ಅಳು ಎಂದು ಅಲ್ಲಿ ಯಾರೂ ಹೇಳಲಿಲ್ಲ.